ಹುಣಸೆ ಸೀಳಿದ ಬುಗುರಿ

ಯುಗಾದಿಗೆ ಮನೆ ತೊಳೆಯುತ್ತಿದ್ದಾಗ ಬಚ್ಚಲು ಮನೆಯ ಗೂಡಿನಲ್ಲಿ ಹಳೆಯ ರಂಗೋಲಿ ಡಬ್ಬಿ ಕೈಗೆ ಸಿಕ್ಕಿತು. ಹಾಲಿನ ಪುಡಿ ಬರುತ್ತಿದ್ದ ತಗಡಿನ ಡಬ್ಬಿ ಅದು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಸುತ್ತಲೂ ಮೀಟಿ ತೆಗೆದೆ. ತೆಗೆದೊಡನೆ ಒಂದು ವಾಸನೆ ಬಂತು ನೋಡಿ, ಪೊರಕೆ ಬದಿಗಿಟ್ಟು ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಗ್ರೀಸು. ಬಿಳಿ ಪುಡಿಯಲ್ಲಿ ಅರ್ಧ ಹೂತುಕೊಂಡು ನಮ್ಮ ಬುಗುರಿ ಮಲಗಿತ್ತು.

ಬುಗುರಿ ಅಂದರೆ ಮಕ್ಕಳು ಆಡಿಸುವುದಲ್ಲ. ಅಂಗೈಯಷ್ಟು ಉದ್ದದ ಗಟ್ಟಿ ಕಬ್ಬಿಣ. ಹಿಂದೆ ದಪ್ಪ, ಮುಂದೆ ಚೂಪು, ಮೈಸುತ್ತ ಸ್ಕ್ರೂವಿನ ಹಾಗೆ ತಿರುಪು. ಹಿಂದಿನ ಕಡ್ಡಿಯನ್ನು ಡ್ರಿಲ್ಲಿಂಗ್ ಮಷೀನಿನ ಬಾಯಿಗೆ ಸಿಕ್ಕಿಸಿ ತಿರುಗಿಸಿದರೆ ಮರದ ತುಂಡಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ. ಹೋದಷ್ಟೂ ದಪ್ಪ ಭಾಗ ಒಳಗೆ ನುಗ್ಗಿ, ಕೊನೆಗೆ ತುಂಡು ಎರಡು ಹೋಳಾಗುತ್ತದೆ. ಅದಕ್ಕೆ ಬುಗುರಿ ಅಂತ ಹೆಸರಿಟ್ಟವರು ನಮ್ಮತ್ತೆ. ಆ ವರ್ಷದ ಆಷಾಢದಲ್ಲಿ, ನನ್ನ ಮಗಳು ಹೇಮ ಮೊದಲ ಬಾಣಂತನಕ್ಕೆ ತವರಿಗೆ ಬರುತ್ತಾಳೋ ಇಲ್ಲವೋ ಅನ್ನುವುದು ಈ ಬುಗುರಿಯ ಮೇಲೆ ನಿಂತಿತ್ತು.

ನಮ್ಮೂರು ದೊಡ್ಡಬೆಳವಂಗಲದಿಂದ ಒಂದಿಷ್ಟು ಒಳಗೆ. ಮನೆಯವರು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಮಷೀನ್ ಆಪರೇಟರು. ರಜೆ ದಿನ ರಾಗಿ ಹೊಲ. ನಾನು ಹುಟ್ಟಿದ್ದು ಬೆಳೆದದ್ದು ದೊಡ್ಡಬಳ್ಳಾಪುರ ಪೇಟೆಯಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆ ಊದಲು ಬಾರದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂರುತ್ತಿದ್ದೆ. ಇಪ್ಪತ್ತೈದು ವರ್ಷವಾದರೂ ಅತ್ತೆಗೆ ಕೋಪ ಬಂದರೆ ನನ್ನ ಹೆಸರು ವತ್ಸಲ ಅನ್ನುವುದು ಮರೆತುಹೋಗಿ ‘ಏ ಕಾನ್ವೆಂಟು’ ಅಂತಲೇ ಬಾಯಿಗೆ ಬರುತ್ತಿತ್ತು. ಅದರಲ್ಲಿ ವಿಷವಿರಲಿಲ್ಲ. ಆದರೂ ಹಿತ್ತಲಿನ ಕೆಲಸ, ಕೊಟ್ಟಿಗೆ ಕೆಲಸ, ಕೊಡಲಿ ಮಚ್ಚಿನ ಕೆಲಸ ಬಂದಾಗ ‘ನೀನು ಸರಿ ಅತ್ಲಾಗೆ’ ಅನ್ನಿಸಿಕೊಂಡೇ ಇಷ್ಟು ವರ್ಷ ಕಳೆದಿದ್ದೆ.

ಆ ಸಲ ಬೇಸಿಗೆ ಮಳೆ ಭಾರಿ ಗಾಳಿಯ ಜೊತೆ ಬಂತು. ಹಿತ್ತಲಿನ ಹುಣಸೆ ಮರ ಬುಡಮೇಲಾಯಿತು. ಬಚ್ಚಲು ಮನೆಯ ಶೀಟಿಗೆ ಎರಡು ಅಡಿ ಆಚೆ ಬಿತ್ತು, ಪುಣ್ಯ. ಕೊಯ್ಯುವ ಮಷೀನಿನವನು ಬಂದು ಅರ್ಧ ದಿನದಲ್ಲಿ ಅದನ್ನು ಮೊಣಕಾಲೆತ್ತರದ ತುಂಡುಗಳಾಗಿ ಕತ್ತರಿಸಿ ಹೋದ. ಕತ್ತರಿಸಿದ ಮುಖಗಳು ಹೊರಗೆ ಕೆನೆಬಣ್ಣ, ನಡುವೆ ಕಾಫಿ ಚೆಲ್ಲಿದ ಹಾಗೆ ಕಪ್ಪು. ಎರಡು ದಿನ ಹಿತ್ತಲೆಲ್ಲ ಹುಳಿ ವಾಸನೆ. ಮೂರನೆಯ ದಿನ ಮನೆಯವರು ಒಂದು ತುಂಡನ್ನು ಉರುಳಿಸಲಾರದೆ ಎತ್ತಲು ಹೋದರು. ‘ಹ್ಞಾ’ ಅಂದದ್ದಷ್ಟೇ ನನಗೆ ಕೇಳಿಸಿದ್ದು. ಹೋಗಿ ನೋಡಿದರೆ ತುಂಡನ್ನು ತಬ್ಬಿಕೊಂಡೇ ಕೂತಿದ್ದರು, ಏಳಲಾಗದೆ. ಬೆನ್ನುಮೂಳೆಯ ಬಿಲ್ಲೆ ಜರುಗಿತ್ತು. ಮೂರು ತಿಂಗಳು ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ ಅಂತ ಡಾಕ್ಟರು ಹೇಳಿದರು. ಹಿತ್ತಲ ಕಿಟಕಿಯ ಪಕ್ಕ ಗಟ್ಟಿ ಹಲಗೆಯ ಮಂಚ ಹಾಕಿ ಮಲಗಿಸಿದೆವು.

ಹೇಮಳನ್ನು ಕೊಟ್ಟಿರುವುದು ಹೊಸಕೋಟೆಗೆ. ಏಳನೇ ತಿಂಗಳ ಸೀಮಂತಕ್ಕೆ ನಾನೂ ಅತ್ತೆಯೂ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಸೀಮಂತ ಮುಗಿಸಿ ಬಸುರಿಯನ್ನು ಜೊತೆಯಲ್ಲೇ ಕರೆದುಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಹಿಂದಿನ ಸೀಟಿನಲ್ಲಿ ಅವಳಿಗೆಂದು ದಿಂಬನ್ನೂ ತೆಗೆದುಕೊಂಡು ಹೋಗಿದ್ದೆ. ಆರತಿ ಎಲ್ಲ ಆದ ಮೇಲೆ ಅವಳ ಅತ್ತೆ ಶಾರದಮ್ಮನವರು ನನ್ನನ್ನು ಒಳಕೋಣೆಗೆ ಕರೆದರು.

“ವತ್ಸಲಾ ಅವರೇ, ತಪ್ಪು ತಿಳ್ಕೋಬೇಡಿ. ಬೀಗರು ಹಾಸಿಗೆ ಹಿಡಿದಿದಾರೆ. ನಿಮ್ಮತ್ತೆಗೋ ವಯಸ್ಸಾಗಿದೆ. ಒಬ್ಬರೇ ಎಷ್ಟು ಅಂತ ಮಾಡ್ತೀರಾ? ಬಾಣಂತನ ಇಲ್ಲೇ ಆಗ್ಲಿ ಬಿಡಿ.”

“ಮೊದಲನೇದು ಅಲ್ವಾ ಅಮ್ಮಾ. ತವರಲ್ಲೇ…”

“ನನಗೂ ಗೊತ್ತು. ನಾನೂ ಹೆಣ್ಣು ಕೊಟ್ಟವಳೇ. ಆದರೆ ಮೂರು ತಿಂಗಳು ದಿನಾ ಒಂದು ಹಂಡೆ ನೀರು ಕಾಯಬೇಕು. ನಿಮ್ಮೂರಲ್ಲಿ ಗೀಸರ್ ಹಾಕಿದ್ರೆ ಬಲ್ಬು ಮಿಣಿಮಿಣಿ ಅನ್ನುತ್ತೆ ಅಂತ ಹೇಮಾನೇ ಹೇಳ್ತಾಳೆ. ಮಳೆಗಾಲದಲ್ಲಿ ಸೋಲಾರ್ ನಂಬೋ ಹಾಗಿಲ್ಲ.”

“ಸೌದೆ ಇದೆಯಲ್ಲ. ಹುಣಸೆ ಮರಾನೇ ಬಿದ್ದಿದೆ.”

“ಫೋಟೋ ನೋಡಿದೀನಿ. ಅದು ಸೌದೆ ಅಲ್ಲ, ತುಂಡು,” ಅಂದರು ಶಾರದಮ್ಮ. ನಗಲಿಲ್ಲ, ಚುಚ್ಚಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು. “ಒಡೆಯೋರು ಯಾರು?”

ಅವರೇ ಒಂದು ದಾರಿ ಹೇಳಿದರು. ಆಷಾಢದ ಅಮಾವಾಸ್ಯೆ ಕಳೆಯುತ್ತಲೇ ತಾವೇ ಬಂದು ನೋಡುವುದು. ವ್ಯವಸ್ಥೆ ಸರಿಕಂಡರೆ ಮಾರನೆಯ ದಿನವೇ ಸೊಸೆಯನ್ನು ಕಳಿಸುವುದು. ಒಂಬತ್ತಕ್ಕೆ ಬಿದ್ದ ಮೇಲೆ ಪ್ರಯಾಣ ಮಾಡಿಸುವ ಮಾತಿಲ್ಲ. ಹೊರಡುವಾಗ ಹೇಮ ಗೇಟಿನ ತನಕ ಬಂದಳು. ಎರಡೂ ಕೈ ತುಂಬ ಹಸಿರು ಬಳೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು, “ಅಮ್ಮಾ, ನಾನು ನಮ್ಮನೇಗೇ ಬರ್ತೀನಿ. ಏನಾದ್ರೂ ಮಾಡು,” ಅಂದಳು. ದೊಡ್ಡಬಳ್ಳಾಪುರದವರೆಗೂ ಹಿಂದಿನ ಸೀಟಿನಲ್ಲಿ ಅತ್ತೆಗೂ ನನಗೂ ನಡುವೆ ಆ ದಿಂಬು ಕೂತಿತ್ತು.

ಒಡೆಯುವವರನ್ನು ಹುಡುಕಿದೆ. ಪಕ್ಕದ ಮನೆಯ ರಂಗಣ್ಣ ಒಂದು ಕಾಲದಲ್ಲಿ ಊರಿಗೆಲ್ಲ ಸೌದೆ ಒಡೆದವನು. ಈಗ ಮೊಣಕಾಲು ಹೋಗಿದೆ. “ಯಾರವ್ರೆ ತಾಯಿ? ಕೊಡ್ಲಿ ಹಿಡೀತಿದ್ದ ಕೈಯೆಲ್ಲ ನೆಲಮಂಗಲದ ಗೋಡೌನಲ್ಲಿ ಟುಂಯ್ ಟುಂಯ್ ಅಂತ ಸ್ಕ್ಯಾನರ್ ಒತ್ತತಾ ಕುಂತವೆ. ಬೆಳಗ್ಗೆ ವ್ಯಾನ್ ಅತ್ತುದ್ರೆ ಬರೋದು ಕತ್ಲಾದ್ಮೇಲೆ,” ಅಂದ. ಅವನ ಕೊಡಲಿಯನ್ನೇ ಕೇಳಿ ತಂದು ನಾನೇ ಎತ್ತಿ ಹೊಡೆದೆ. ಕೊಡಲಿ ರಬ್ಬರಿಗೆ ಬಡಿದ ಹಾಗೆ ಪುಟಿದು ವಾಪಸು ಬಂತು. ಎರಡನೇ ಏಟು ಕಚ್ಚಿಕೊಂಡಿತು. ಅದನ್ನು ಕೀಳುವಷ್ಟರಲ್ಲಿ ಮಧ್ಯಾಹ್ನದ ಅಡುಗೆಗೆ ಹೊತ್ತಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಸರಿ ಅತ್ಲಾಗೆ ಕಾನ್ವೆಂಟು, ಕಾಲ್ಗೀಲ್ ಕಡ್ಕಂಡೀಯ,” ಅಂದರು.

ಬುಗುರಿಯನ್ನು ಮೊದಲು ತೋರಿಸಿದ್ದು ಹೇಮಾನೇ. ಒಂದು ವಿಡಿಯೋ ಕಳಿಸಿದಳು. ಯಾವುದೋ ದೇಶದ ಒಬ್ಬ ಮುದುಕ ಡ್ರಿಲ್ ಹಿಡಿದು, ತೆಂಗಿನಕಾಯಿ ಒಡೆದಷ್ಟು ಸಲೀಸಾಗಿ ಕೊರಡು ಸೀಳುತ್ತಿದ್ದ. ಆನ್‌ಲೈನಿನಲ್ಲಿ ಅವಳೇ ಆರ್ಡರ್ ಹಾಕಿದಳು. ನಾಲ್ಕು ದಿನಕ್ಕೆ ದೊಡ್ಡಬೆಳವಂಗಲದ ಸರ್ಕಲ್ಲಿನ ಅಂಗಡಿಗೆ ಪೊಟ್ಟಣ ಬಂತು. ಮಂಚದ ಮೇಲೆ ಮಲಗಿದ್ದ ಮನೆಯವರ ಕೈಗಿಟ್ಟೆ. ತಿಂಗಳಿಂದ ಸೂರಿನ ಹೆಂಚು ಎಣಿಸುತ್ತಿದ್ದವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ತಿರುಪನ್ನು ಸವರಿ, “ಮಾಲು ಚೆನ್ನಾಗೇ ಇದೆ ಕಣೇ,” ಅಂದರು. ಆ ದನಿಯನ್ನು ಕೇಳಿ ಬಹಳ ದಿನವಾಗಿತ್ತು.

“ನಮ್ಮ ಡ್ರಿಲ್ಲಿಗೇ ಹಾಕಲಾ?”

“ಬೇಡ. ಅದು ಗೋಡೆಗೆ ಮೊಳೆ ಹೊಡೆಯೋಕೆ ತೂತು ಕೊರೆಯೋ ಮಷೀನು. ಎರಡು ನಿಮಿಷಕ್ಕೆ ಕಾಯ್ಲ್ ಸುಟ್ಟೋಗುತ್ತೆ. ಪಕ್ಕದಲ್ಲಿ ಹಿಡಿ ಇರೋ ದೊಡ್ಡದು ಬೇಕು, ಗೇರ್ ಇರೋದು.” ಆವತ್ತೇ ಜೊತೆ ಕೆಲಸದವರಿಗೆ ಫೋನ್ ಮಾಡಿ ಅಂಥದ್ದೊಂದನ್ನು ತರಿಸಿದರು. ಆಮೇಲೆ ಮಲಗಿದಲ್ಲಿಂದಲೇ ಪಾಠ ಶುರು. ಯಾವಾಗಲೂ ಒಂದನೇ ಗೇರು, ನಿಧಾನದ್ದು. ತುಂಡು ನೆಲಕ್ಕೆ ಗಟ್ಟಿಯಾಗಿ ಕೂತಿರಬೇಕು. ಎರಡೂ ಕೈ, ಎರಡೂ ಹಿಡಿ. ಕಚ್ಚಿಕೊಂಡರೆ ಮಷೀನೇ ತಿರುಗಿ ನಿನ್ನ ಮಣಿಕಟ್ಟು ಮುರಿಯುತ್ತದೆ, ಆದ್ದರಿಂದ ಸದ್ದು ಬದಲಾದ ಕೂಡಲೇ ಗುಂಡಿ ಬಿಡು, ಹಿಂದಕ್ಕೆ ತಿರುಗಿಸಿ ತೆಗೆ. ಸೆರಗು ಬೇಡ. ಬಳೆ ಬೇಡ.

ಸೆರಗಿನದು ಸುಲಭವಾಯಿತು. ಹೇಮಳ ಹಳೆಯ ಚೂಡಿದಾರದ ಪೈಜಾಮ, ಮೇಲೆ ಇವರ ಕಾರ್ಖಾನೆಯ ನೀಲಿ ಶರಟು, ತೋಳಿನ ಗುಂಡಿ ಹಾಕಿ ಬಿಗಿ ಮಾಡಿದ್ದು, ಕಣ್ಣಿಗೆ ಚೂರು ಹಾರದಂತೆ ಇವರದೇ ಕನ್ನಡಕ. ಬಳೆ ತೆಗೆಯಲು ಕೂತಾಗ ಅತ್ತೆ ಬಂದರು. ನನ್ನ ಎಡಗೈ ಆಗಲೇ ಬರಿದಾಗಿತ್ತು. ಅವರ ಮುಖ ಕಪ್ಪಿಟ್ಟಿತು.

“ಗಂಡ ಅಲ್ಲಿ ಮಲಗವ್ನೆ. ಮಗಳು ಬಸ್ರಿ. ಇಂಥ ಹೊತ್ನಲ್ಲಿ ಕೈ ಬೋಳು ಮಾಡ್ಕಂಡು ಕುಂತಿದೀಯಲ್ಲೇ!”

“ಬಳೆ ಮಷೀನಿಗೆ ಸಿಕ್ಕಿದ್ರೆ ಕೈಯೇ ಹೋಗುತ್ತೆ ಅತ್ತೆ.”

“ನನ್ನ ಕೈಲಿ ನೋಡಕ್ಕಾಗಕಿಲ್ಲ.”

“ನೋಡ್ಬೇಡಿ. ಒಳಗಿರಿ.” ಜೀವಮಾನದಲ್ಲಿ ಅವರಿಗೆ ನಾನು ಹಾಗೆ ಎದುರು ಹೇಳಿದ್ದು ಅದೇ ಮೊದಲು. ದನಿ ಏರಿಸಲಿಲ್ಲ; ನನಗೆ ಬರುವುದಿಲ್ಲ ಅದು. ಬಲಗೈಯ ಬಳೆಗಳನ್ನೂ ಒಂದೊಂದಾಗಿ ತೆಗೆದು ಬಟ್ಟಲಲ್ಲಿಟ್ಟೆ.

ಅತ್ತೆ ಒಳಗೆ ಹೋದರು. ಮುನಿಸಿಕೊಂಡರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅರಿಶಿನದಲ್ಲಿ ಅದ್ದಿದ ದಾರ ಹಿಡಿದುಕೊಂಡು ಬಂದರು. ಎರಡೂ ಮಣಿಕಟ್ಟಿಗೆ ಮೂರು ಮೂರು ಸುತ್ತು ಬಿಗಿಯಾಗಿ ಕಟ್ಟಿ, ಜೋಲುತ್ತಿದ್ದ ತುದಿಗಳನ್ನು ಹಲ್ಲಿನಿಂದ ಕಡಿದು, ಶರಟಿನ ತೋಳನ್ನು ಅದರ ಮೇಲಕ್ಕೆ ಎಳೆದರು. “ಸೌದೆ ಮುಗಿಯೋಗಂಟ ಇದನ್ನ ಬಿಚ್ಬೇಡ,” ಅಂದು, ಮಷೀನಿನ ಮೂತಿ ನೋಡಿ, “ಇದ್ಯಾವ ಬುಗುರಿಯೇ ಇದು?” ಅಂದರು. ಹೆಸರು ನಿಂತಿತು.

ಮೊದಲ ಎರಡು ವಾರ ನಾನೇ ನಂಬದಷ್ಟು ಕೆಲಸವಾಯಿತು. ಹೊಲದ ಬದುವಿನಿಂದ ತಂದು ಒಟ್ಟಿದ್ದ ಹಳೆಯ ನೀಲಗಿರಿ ಕೊರಡುಗಳು, ಹುಣಸೆಯ ತೆಳ್ಳನೆ ಕೊಂಬೆಗಳು. ಬುಗುರಿಯ ತುದಿ ಇಟ್ಟು ಒತ್ತಿದರೆ ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಒಳಗೆಲ್ಲೋ ಚಿಟಿಚಿಟಿ, ಆಮೇಲೆ ಟಪ್ಪಂತ ಎರಡು ಹೋಳು. ನೀಲಗಿರಿ ಸೀಳಿದಾಗ ನೆಗಡಿ ಮುಲಾಮಿನ ವಾಸನೆ. ಮೂರು ಗಂಟೆ ಕರೆಂಟು ಕೊಟ್ಟರೆ ಮೂರು ಗಂಟೆಯೂ ಕೆಲಸ. ರಂಗಣ್ಣ ಬೇಲಿಯಾಚೆಯಿಂದ, “ಏನವ್ವಾ, ಸೌದೆಗೂ ಬೋರ್‌ವೆಲ್ ಕೊರೆಸ್ತಿದೀಯ? ನೀರು ಬಂದ್ರೆ ನಮ್ ಕಡೀಕೂ ಒಂದ್ ಪೈಪ್ ಬುಡು,” ಅಂತ ಛೇಡಿಸುತ್ತಿದ್ದ. ಬಚ್ಚಲು ಮನೆಯ ಗೋಡೆಗೆ ಆನಿಸಿ ಸೀಳುಗಳನ್ನು ಸೊಂಟದವರೆಗೆ ಒಟ್ಟಿದೆ. ಅದರ ಫೋಟೋ ತೆಗೆದು ಹೇಮಳಿಗೆ ಕಳಿಸಿದೆ.

ಇಲ್ಲೇ ನಾವು ತಪ್ಪು ಮಾಡಿದ್ದು. ನಾವು ಅಂದರೆ ನಾನೂ ಅತ್ತೆಯೂ, ಇಬ್ಬರೂ ಒಪ್ಪಿಯೇ. ಬುಡದ ಕಡೆಯ ದಪ್ಪ ತುಂಡುಗಳು ಹದಿನಾಲ್ಕು ಇದ್ದವು. ಅತ್ತೆ ಅಂದರು, “ಬಾಣ್ತಿ ನೀರಿಗೆ ಹುಣಸೆ ಕೆಂಡಾನೇ ಆಗ್ಬೇಕು. ಒಂದ್ ಸಲ ಹತ್ತುದ್ರೆ ಹಂಡೆ ಸಂಜೆಗಂಟ ಬೆಚ್ಗಿರ್ತದೆ. ಅದನ್ನ ಮುಟ್ಬೇಡ, ಕೊನೇಗಿರ್ಲಿ.” ನಾನೂ ಹೂಂ ಅಂದೆ. ನಮ್ಮ ಮನೆಯಲ್ಲಿ ಒಳ್ಳೆಯದನ್ನೆಲ್ಲ ಎತ್ತಿಡುವುದೇ. ಒಳ್ಳೆ ಬೆಡ್‌ಶೀಟು ನೆಂಟರಿಗೆ, ಒಳ್ಳೆ ತುಪ್ಪ ಮಕ್ಕಳು ಬಂದಾಗ. ಹೊಸ ಟವೆಲ್ಲು ಬೀರುವಿನಲ್ಲೇ ಮಡಿಕೆ ಹರಿದಿದ್ದೂ ಉಂಟು. ಹಾಗೇ ಆ ಹದಿನಾಲ್ಕು ತುಂಡನ್ನು ಶೀಟಿನ ಕೆಳಗೆ ಸಾಲಾಗಿ ನಿಲ್ಲಿಸಿ, ಮಳೆಯ ಎರಚಲು ತಾಗದಂತೆ ಗೋಣಿಚೀಲ ಹೊದಿಸಿ, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡೆವು.

ಆಷಾಢ ಅರ್ಧ ಕಳೆದಿತ್ತು. ದಿನವಿಡೀ ಗಾಳಿ, ಮೋಡ, ಒಮ್ಮೊಮ್ಮೆ ಹಿಟ್ಟು ಜರಡಿ ಹಿಡಿದಂಥ ತುಂತುರು. ಗೋಣಿ ಸರಿಸಿ ಮೊದಲ ತುಂಡನ್ನು ಎಳೆದೆ. ನಡುಮಧ್ಯಕ್ಕೆ ಬುಗುರಿ ಇಟ್ಟು ಒತ್ತಿದೆ. ಎರಡು ಬೆರಳಿನಷ್ಟು ಹೋಯಿತು, ಸದ್ದು ‘ಗೊರ್’ ಅಂತ ಇಳಿಯಿತು. ಇನ್ನೊಂದು ಚೂರು ಹೋಗಲಿ ಅಂದುಕೊಂಡೆ. ಮಷೀನು ಒಮ್ಮೆಲೇ ಒದ್ದುಕೊಂಡು ತಿರುಗಿತು. ಬಲ ಮಣಿಕಟ್ಟಿನಲ್ಲಿ ಬೆಂಕಿ ಹಾಕಿದಂತಾಯಿತು. ಗುಂಡಿ ಬಿಟ್ಟುಬಿಟ್ಟೆ, ಸದ್ಯ. ತುಂಡಿನೊಳಗಿಂದ ಸುಟ್ಟ ವಾಸನೆಯ ಸಣ್ಣ ಹೊಗೆ. ತುಂಡು ಮಾತ್ರ ಜಗ್ಗಲಿಲ್ಲ. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ, ಅದೇ ಕಥೆ.

ರಂಗಣ್ಣ ಕೋಲೂರಿಕೊಂಡು ಬಂದು ಉಗುರಿನಿಂದ ತಟ್ಟಿ ನೋಡಿದ. “ಹಸೀಲೇ ಸೀಳ್ಬೇಕಿತ್ತು ಕಣವ್ವಾ. ಹುಣಸೆ ನಾರು ಜಡೆ ಹೆಣ್ದಂಗೆ ಇರ್ತದೆ. ಒಣಗ್ತು ಅಂದ್ರೆ ಕಬ್ಣ. ಇಷ್ಟ್ ದಿನ ಯಾಕ್ ಮಡಗಿದ್ರಿ?”

ಅತ್ತೆ, ನಾನು ಮುಖ ಮುಖ ನೋಡಿಕೊಂಡೆವು. ಮೂರು ತಿಂಗಳ ನೀರಿಗೆ ನೀಲಗಿರಿ ರಾಶಿ ಸಾಲದು. ಅದು ಸೊರ್ ಅಂತ ಉರಿದು ಬೂದಿಯಾಗುವ ಸೌದೆ. ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ.

ಸಂಜೆ ಮಣಿಕಟ್ಟಿಗೆ ಉಪ್ಪಿನ ಶಾಖ ಕೊಡುತ್ತ ಕೂತಿದ್ದಾಗ ಮನೆಯವರು ಮೆತ್ತಗೆ ಹೇಳಿದರು. “ಬಿಡೇ. ಅವರ ಮನೆಯೂ ಅವಳದೇ ಮನೆಯಲ್ವಾ. ಅಲ್ಲೇ ಆಗ್ಲಿ. ನನ್ನ ಬೆನ್ನಿನ ಜೊತೆ ನಿನ್ನ ಕೈಯೂ ಹೋದ್ರೆ ಯಾರು ಯಾರ್ನ ನೋಡೋದು?”

“ಹೇಮ ಕೇಳಿರೋದು ಒಂದೇ,” ಅಂದೆ. “ಮದುವೇಲಿ ಒಂದು ಸೀರೆ ಇಂಥದ್ದು ಬೇಕು ಅಂತ ಕೂಡ ಕೇಳಲಿಲ್ಲ ಅವಳು. ಇದೊಂದನ್ನ ಕೇಳಿದಾಳೆ.”

ಮೂರು ದಿನ ಕೈಗೆ ಬಟ್ಟೆ ಸುತ್ತಿಕೊಂಡು ಅಡುಗೆ ಮಾಡಿದೆ. ಹೋಗುತ್ತ ಬರುತ್ತ ಆ ತುಂಡುಗಳನ್ನು ನೋಡುತ್ತಿದ್ದೆ. ಒಂದನ್ನು ಅತ್ತೆ ಹಿತ್ತಲ ಬಾಗಿಲಿಗೆ ಎಳೆಸಿಕೊಂಡಿದ್ದರು. ಅವರಿಗೆ ಬಗ್ಗಿ ರಂಗೋಲಿ ಡಬ್ಬಿ ಎತ್ತುವುದು ಕಷ್ಟ. ಆ ತುಂಡಿನ ಮೇಲೆ ಡಬ್ಬಿ ಇಟ್ಟುಕೊಂಡು, ತುಳಸಿ ಮುಂದೆ ನಾಲ್ಕು ಎಳೆ ಎಳೆಯುತ್ತಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಕಾಫಿ ಲೋಟ ತೊಳೆಯಲು ಹೋದಾಗ ನೋಡಿದೆ. ಡಬ್ಬಿಯಿಂದ ಪುಡಿ ತುಂಡಿನ ಮೇಲೆ ಚೆಲ್ಲಿತ್ತು. ಅತ್ತೆ ಕೈಯಲ್ಲಿ ಸವರಿ ಒರೆಸಿದ್ದರು. ಉಳಿದದ್ದನ್ನು ಗಾಳಿ ಊದಿಕೊಂಡು ಹೋಗಿತ್ತು. ಆದರೆ ಪೂರ್ತಿ ಹೋಗಿರಲಿಲ್ಲ. ಕಪ್ಪು ಮರದ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು. ಒಂದು ನಡುವಿನಿಂದ ಹೊರಟು ಅಂಚಿನವರೆಗೆ ಓಡಿತ್ತು. ಇನ್ನೆರಡು ಚಿಕ್ಕವು, ಅಂಚಿನಲ್ಲೇ. ಕೊಯ್ಯುವ ಮಷೀನಿನ ಗೀರುಗಳ ನಡುವೆ ಬರಿಗಣ್ಣಿಗೆ ಕಾಣದೆ ಇದ್ದ ಬಿರುಕುಗಳು, ಪುಡಿ ಹೊಟ್ಟೆಗಿಳಿಸಿಕೊಂಡು ಎದ್ದು ಕಾಣುತ್ತಿದ್ದವು.

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನನಗೆ ಆ ಕ್ಷಣ ನೆನಪಾದರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಿಟಕಿಗೆ ಹಿಡಿದು ಎಳೆ ಯಾವ ಕಡೆ ಓಡುತ್ತದೆ ನೋಡಿಸುತ್ತಿದ್ದರು. ಎಳೆಗೆ ಅಡ್ಡ ಹೋದವರ ಬೆರಳಿಗೆ ಸ್ಕೇಲಿನಲ್ಲಿ ಒಂದೇಟು. ನಾನು ಹುಣಸೆಯ ನಡುಮಧ್ಯಕ್ಕೆ ಹೋಗಿದ್ದೆ, ಎಳೆಯೆಲ್ಲ ಹೆಣೆದುಕೊಂಡಿದ್ದ ಜಾಗಕ್ಕೆ.

“ಅತ್ತೇ, ಸ್ವಲ್ಪ ಬನ್ನಿ ಇಲ್ಲಿ.”

ಅವರು ಬಂದು ಗೆರೆಯ ಮೇಲೆ ಬೆರಳಾಡಿಸಿದರು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. “ಅಯ್ಯೋ ಶಿವನೇ, ಬಿಳೀದಕ್ಕೆ ನಂಗೂ ಕಾಣ್ತೈತಲ್ಲೇ. ನಿಮ್ಮಾವ ಇಂಗೇ ಬಿರುಕು ನೋಡ್ಕಂಡು ಅಂಚಿಂದ ಎಬ್ಬುಸ್ತಿದ್ರು. ಅಲಸಿನ ತೊಳೆ ಬುಡ್ಸಿದಂಗೆ. ನಡುಮಧ್ಯಾನ ಮುಟ್ತಾನೇ ಇರ್ಲಿಲ್ಲ, ಕೊನೇಗೆ ಬುಡೋರು.”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

“ನೀನ್ ಕೇಳುದ್ಯಾ? ಮಷೀನು ತಂದ್ಯಲ್ಲ, ಅದ್ಕೇ ಎಲ್ಲಾ ಗೊತ್ತಿರ್ತದೆ ಅಂದ್ಕಂಡೆ.”

ಆವತ್ತು ಕರೆಂಟು ಬಂದ ಕೂಡಲೇ ಶುರು ಮಾಡಿದೆವು. ಅತ್ತೆ ಗೋಣಿಯ ಮೇಲೆ ಕೂತು ತುಂಡಿನ ಮುಖಕ್ಕೆ ರಂಗೋಲಿ ಪುಡಿ ಚೆಲ್ಲಿ, ಅಂಗೈಯಲ್ಲಿ ಉಜ್ಜಿ, ಬಾಯಿಂದ ಫೂ ಅಂತ ಊದುವರು. ಗೆರೆ ಮೂಡುವುದು. “ಇಲ್ಲಿ,” ಅಂತ ಅಂಚಿನ ಹತ್ತಿರ ಬೆರಳಿಟ್ಟು, ದೂರ ಸರಿದು ಕೂರುವರು. ನಾನು ಆ ಗೆರೆಯ ಮೇಲೆ, ಸಿಪ್ಪೆಯಿಂದ ನಾಲ್ಕು ಬೆರಳು ಒಳಗೆ ಬುಗುರಿ ಇಡುವೆ. ಮಂಚದ ಮೇಲಿಂದ ಮನೆಯವರು ಸದ್ದಿಗೆ ಕಿವಿ ಕೊಟ್ಟಿರುವರು. ಇಪ್ಪತ್ತೆರಡು ವರ್ಷ ಮಷೀನಿನ ಪಕ್ಕ ನಿಂತ ಕಿವಿ. ಸದ್ದು ಇಳಿಯುವ ಮುಂಚೆಯೇ ಅವರಿಗೆ ತಿಳಿಯುತ್ತಿತ್ತು. ಸ್ಟೀಲ್ ಲೋಟದಿಂದ ಕಿಟಕಿ ಸರಳಿಗೆ ಠಣ್ ಅಂತ ಒಂದು ಏಟು. ಠಣ್ ಅಂದರೆ ಗುಂಡಿ ಬಿಡಬೇಕು. ಹಿಂದಕ್ಕೆ ತಿರುಗಿಸಿ, ಅದೇ ಗೆರೆಯಲ್ಲಿ ಇನ್ನೊಂದಿಷ್ಟು ಆಚೆ ಇಟ್ಟು ಮತ್ತೆ ಒತ್ತಬೇಕು.

ಮೊದಲ ಸೀಳು ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಳಗೆ ಒಂದು ನರಳಿದ ಸದ್ದು, ಆಮೇಲೆ ತುಂಡಿನಷ್ಟೇ ಉದ್ದದ ಒಂದು ಹೋಳು ಮೆಲ್ಲಗೆ ಹೊರಕ್ಕೆ ವಾಲಿತು. ನಾರು ಇನ್ನೂ ಹಿಡಿದುಕೊಂಡಿತ್ತು, ನಿಜಕ್ಕೂ ಜಡೆಯ ಹಾಗೆ. ಅತ್ತೆ ಮಚ್ಚು ತಂದು ಆ ನಾರನ್ನು ಕಚಕಚ ಕತ್ತರಿಸಿದರು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. “ಬಂತಾ?” ಅಂದರು ಒಳಗಿಂದ ಮನೆಯವರು. “ಬಂತು ಕಣ್ಲಾ, ಬಂತು!” ಅಂತ ಅತ್ತೆ ಕೂಗಿದ್ದು ರಂಗಣ್ಣನ ಮನೆಗೂ ಕೇಳಿಸಿತು.

ದಿನಕ್ಕೆ ಎರಡು ತುಂಡು. ಕರೆಂಟಿಲ್ಲದ ದಿನ ಒಂದೂ ಇಲ್ಲ. ಮಳೆ ಬಂದರೆ ಮಷೀನನ್ನು ಎದೆಗವಚಿಕೊಂಡು ಒಳಗೋಡುವುದು. ರಾತ್ರಿ ಬಲಗೈಯಲ್ಲಿ ಲೋಟ ಎತ್ತಲಾಗುತ್ತಿರಲಿಲ್ಲ, ಬೆರಳುಗಳು ಮರಗಟ್ಟಿರುತ್ತಿದ್ದವು. ಹೇಮ ಫೋನ್ ಮಾಡಿ, “ಅಮ್ಮಾ, ಕೈ ಹೇಗಿದೆ?” ಅಂದರೆ, “ನಿನ್ನ ಹೊಟ್ಟೆ ಹೇಗಿದೆ ಹೇಳು,” ಅನ್ನುತ್ತಿದ್ದೆ. ಹದಿನಾಲ್ಕರಲ್ಲಿ ಹದಿಮೂರು ಮುಗಿದವು. ಕೊನೆಯದು ಬುಡದ ಬೇರಿನ ಗಂಟು. ಅದಕ್ಕೆ ಎಷ್ಟು ಪುಡಿ ಉಜ್ಜಿದರೂ ಒಂದು ಗೆರೆಯೂ ಮೂಡಲಿಲ್ಲ. ಅತ್ತೆ ಅದರ ಮೇಲೇ ಕೂತು, “ಇದು ನಂಗಿರ್ಲಿ ಬುಡು,” ಅಂದರು.

ಅಮಾವಾಸ್ಯೆಯ ಮಾರನೇ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಶಾರದಮ್ಮ ಬಂದರು. ಕಾಲು ತೊಳೆದು, ಬೀಗರ ಬೆನ್ನು ವಿಚಾರಿಸಿ, ಕಾಫಿಯನ್ನು ಆಮೇಲೆ ಅಂದು ನೇರ ಹಿತ್ತಲಿಗೆ ನಡೆದರು. ಬಚ್ಚಲು ಮನೆಯ ಗೋಡೆಗೆ ಆಳೆತ್ತರ ಒಟ್ಟಿದ ಸೀಳುಗಳು. ಕೆಳಗೆ ನೀಲಗಿರಿ, ಮೇಲೆ ಹುಣಸೆ. ಅವರು ಎರಡು ಹೋಳು ಎಳೆದು ಒಂದಕ್ಕೊಂದು ಬಡಿದರು. ಒಣಗಿದ ಮರದ ಗಟ್ಟಿ ಸದ್ದು ಬಂತು. ತುದಿಯನ್ನು ನೋಡಿ ಹುಬ್ಬೇರಿಸಿದರು.

“ಇದೇನು, ಸೌದೆಗೂ ರಂಗೋಲಿ ಹಾಕಿದೀರಾ?”

“ಊಂ ಮತ್ತೆ,” ಅಂದರು ಅತ್ತೆ, ತಮ್ಮ ತುಂಡಿನ ಮೇಲೆ ಕೂತಲ್ಲಿಂದಲೇ. “ಮೊಮ್ಮಗಳು ಬರೋ ಮನೆ ಅಲ್ವಾ?”

“ಒಡೆದವರು ಯಾರು?”

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು. “ನಮ್ ಕಾನ್ವೆಂಟು. ಒಂದೊಂದು ಸೀಳೂ ಅವಳದೇಯ.”

ಶಾರದಮ್ಮ ನನ್ನ ಕಡೆ ತಿರುಗಿದರು. ಕಾರ್ಖಾನೆ ಶರಟು ಬಿಚ್ಚಿ ಸೀರೆ ಉಟ್ಟಿದ್ದೆ, ಆದರೆ ದಾರ ಬಿಚ್ಚಿರಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಊದಿದ ಮಣಿಕಟ್ಟು, ಬಣ್ಣ ಮಾಸಿ ಚರ್ಮಕ್ಕಂಟಿದ್ದ ಅರಿಶಿನದ ದಾರ, ಹೆಬ್ಬೆರಳ ಬುಡದ ಬೊಕ್ಕೆ. ತಮ್ಮ ಕೈಯಿಂದ ಎರಡು ಹಸಿರು ಬಳೆ ತೆಗೆದು ನನಗೆ ತೊಡಿಸಲು ನೋಡಿದರು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡವು. ಮತ್ತೊಮ್ಮೆ ನೋಡಿದರು, ಆಗಲಿಲ್ಲ. ಕೊನೆಗೆ ನನ್ನ ಸೆರಗಿನ ತುದಿ ಎಳೆದು ಅದರಲ್ಲಿ ಬಳೆಗಳನ್ನಿಟ್ಟು ಗಂಟು ಹಾಕಿದರು.

“ಊತ ಇಳಿದ ಮೇಲೆ ಹಾಕ್ಕೊಳ್ಳಿ. ನಾಳೆ ಬೆಳಗ್ಗೆ ಹತ್ತರೊಳಗೆ ಹೇಮನ್ನ ಕಳಿಸ್ತೀನಿ. ರಾಹುಕಾಲಕ್ಕೆ ಮುಂಚೆ ಒಳಗೆ ಕರ್ಕೊಳ್ಳಿ,” ಅಂದು, “ಈಗ ಕಾಫಿ ಕೊಡಿ,” ಅಂದರು.

ಗೌರಿ ಹಬ್ಬದ ಹಿಂದೆಮುಂದೆ ಹೆರಿಗೆಯಾಯಿತು, ಹೆಣ್ಣು. ಹನ್ನೊಂದನೇ ದಿನದ ನೀರಿಗೆ ಬೆಳಗಿನಿಂದಲೇ ಮಳೆ ಹಿಡಿದಿತ್ತು. ಬಚ್ಚಲು ಮನೆಯೊಳಗೆ ಅತ್ತೆ, ಸೀರೆ ಎತ್ತಿ ಕಟ್ಟಿ, ಹರಳೆಣ್ಣೆ ಹಚ್ಚಿದ ಹೇಮಳನ್ನು ಮಣೆ ಮೇಲೆ ಕೂರಿಸಿಕೊಂಡು ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ನಾನು ಹೊರಗೆ ಒಲೆಬಾಯಿಯ ಮುಂದೆ. ಶಾರದಮ್ಮನವರ ಬಳೆ ಆ ಹೊತ್ತಿಗೆ ಕೈಗೆ ಹತ್ತಿದ್ದವು. ಸೌದೆ ಒಳಕ್ಕೆ ನೂಕುವಾಗ ಒಂದಕ್ಕೊಂದು ತಾಗುತ್ತಿದ್ದವು. ಉರಿಯುತ್ತಿದ್ದ ಹೋಳಿನ ತುದಿಯಲ್ಲಿ ಒಂದು ಬಿಳಿ ಗೆರೆ ಇನ್ನೂ ಉಳಿದಿತ್ತು. ಸುತ್ತ ಕೆಂಪಾದರೂ ಅದು ಸ್ವಲ್ಪ ಹೊತ್ತು ಹಾಗೇ ಕಾಣುತ್ತಿತ್ತು.

“ಅಮ್ಮಾ, ಸಾಕು ಉರಿ! ಅಜ್ಜಿ ಚರ್ಮ ಸುಲೀತಿದಾರೆ!” ಅಂತ ಒಳಗಿಂದ ಹೇಮ ಕೂಗಿದಳು.

“ನೀ ಸುಮ್ಕೆ ಕುಂತ್ಕಳೇ,” ಅಂದರು ಅತ್ತೆ. ಆವಿಯ ನಡುವಿಂದ ಅವರ ದನಿ ಮಾತ್ರ ಬಂತು. “ಏ ವತ್ಸಲಾ, ಇನ್ನೊಂದ್ ಹುಣಸೆ ಹಾಕು.”

ಹಾಕಿದೆ.